ಉರಿಯೂತ: ಕಾಯುವ ಬೆಂಕಿಯೇ ಸುಡತೊಡಗಿದಾಗ

ಕಾಲಿಗೆ ಮುಳ್ಳು ಚುಚ್ಚಿದ ಕೆಲವೇ ಗಂಟೆಗಳಲ್ಲಿ ಆ ಜಾಗ ಕೆಂಪಗಾಗುತ್ತದೆ, ಬಿಸಿಯೇರುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ನೋಯುತ್ತದೆ. ಗಂಟಲಿಗೆ ಸೋಂಕು ತಗುಲಿದರೆ ಉಗುಳು ನುಂಗುವುದೂ ಕಷ್ಟವಾಗುತ್ತದೆ. ಉಳುಕಿದ ಪಾದ ಸಂಜೆಯ ಹೊತ್ತಿಗೆ ಚಪ್ಪಲಿಯಲ್ಲಿ ಹಿಡಿಸದಷ್ಟು ದಪ್ಪವಾಗುತ್ತದೆ. ಮೇಲ್ನೋಟಕ್ಕೆ ಬೇರೆ ಬೇರೆ ಎನಿಸುವ ಈ ತೊಂದರೆಗಳ ಹಿಂದಿರುವುದು ಒಂದೇ ಪ್ರಕ್ರಿಯೆ. ವೈದ್ಯಕೀಯ ಪರಿಭಾಷೆಯಲ್ಲಿ ಅದಕ್ಕೆ ಉರಿಯೂತ ಎಂದು ಹೆಸರು. 'ಉರಿ' ಮತ್ತು 'ಊತ' ಎಂಬ ಎರಡು ಪದಗಳು ಕೂಡಿ ಆದ ಈ ಶಬ್ದವೇ ಅದರ ಎರಡು ಮುಖ್ಯ ಲಕ್ಷಣಗಳನ್ನು ಹೇಳಿಬಿಡುತ್ತದೆ.

ಟಾನ್ಸಿಲೈಟಿಸ್, ಅಪೆಂಡಿಸೈಟಿಸ್, ಹೆಪಟೈಟಿಸ್, ಆರ್ಥ್ರೈಟಿಸ್ ಎಂಬ ಕಾಯಿಲೆಗಳ ಹೆಸರುಗಳು ಓದುಗರಿಗೆ ಪರಿಚಿತ. ಈ ಹೆಸರುಗಳ ಕೊನೆಯಲ್ಲಿ ಬರುವ 'ಐಟಿಸ್' ಎಂಬ ಪ್ರತ್ಯಯದ ಅರ್ಥವೂ ಉರಿಯೂತ ಎಂದೇ. ಕ್ರಮವಾಗಿ ಗಂಟಲಿನ ಗ್ರಂಥಿ, ಕರುಳಿಗೆ ಅಂಟಿಕೊಂಡ ಅಪೆಂಡಿಕ್ಸ್, ಯಕೃತ್ತು ಹಾಗೂ ಕೀಲುಗಳ ಉರಿಯೂತವನ್ನು ಅವು ಸೂಚಿಸುತ್ತವೆ. ಆದರೆ ಉರಿಯೂತವೇ ಒಂದು ರೋಗವಲ್ಲ. ಅದು ರೋಗದ ವಿರುದ್ಧ ದೇಹ ಹೂಡುವ ಹೋರಾಟ. ಈ ಹೋರಾಟ ಸಕಾಲದಲ್ಲಿ ಮುಗಿದರೆ ಗಾಯ ಮಾಗುತ್ತದೆ. ಮುಗಿಯದೇ ಮುಂದುವರಿದರೆ ಅದೇ ಹೃದಯಾಘಾತ, ಮಧುಮೇಹ, ಕೀಲುಗಳ ನಾಶ, ಕೆಲವು ಬಗೆಯ ಕ್ಯಾನ್ಸರ್ ಮೊದಲಾದವುಗಳಿಗೆ ದಾರಿಯಾಗುತ್ತದೆ. ಆದ್ದರಿಂದಲೇ ಇದನ್ನು ಎಲ್ಲಿ ತಡೆಯಬೇಕು, ಎಲ್ಲಿ ತಡೆಯಬಾರದು ಎಂಬ ತಿಳಿವಳಿಕೆ ಪ್ರತಿಯೊಂದು ಮನೆಗೂ ಅಗತ್ಯ.

ಎರಡು ಸಾವಿರ ವರ್ಷಗಳ ಹಿಂದಿನ ಗುರುತು

ಉರಿಯೂತದ ನಾಲ್ಕು ಲಕ್ಷಣಗಳನ್ನು ಕ್ರಿಸ್ತಶಕ ಮೊದಲ ಶತಮಾನದಲ್ಲೇ ರೋಮನ್ ಲೇಖಕ ಸೆಲ್ಸಸ್ ದಾಖಲಿಸಿದ್ದ. ಕೆಂಪು, ಊತ, ಬಿಸಿ ಮತ್ತು ನೋವು ಎಂಬ ಆ ಪಟ್ಟಿ ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳ ಮೊದಲ ಪಾಠಗಳಲ್ಲೊಂದು. ಅಂಗವು ತನ್ನ ಕೆಲಸ ಮಾಡಲಾಗದೆ ಹೋಗುವುದು ಐದನೆಯ ಲಕ್ಷಣ. ಇದನ್ನು 19ನೇ ಶತಮಾನದಲ್ಲಿ ಜರ್ಮನಿಯ ರೋಗವಿಜ್ಞಾನಿ ರುಡಾಲ್ಫ್ ವಿರ್ಕೋ ಒತ್ತಿ ಹೇಳಿದರು.

ಇದು ದೇಹದ ರಕ್ಷಣಾ ಕ್ರಮ ಎಂಬುದು ಸ್ಪಷ್ಟವಾದದ್ದು 1882ರಲ್ಲಿ. ರಷ್ಯಾ ಮೂಲದ ವಿಜ್ಞಾನಿ ಇಲ್ಯಾ ಮೆಚ್ನಿಕೋಫ್ ಇಟಲಿಯ ಮೆಸಿನಾ ಪಟ್ಟಣದಲ್ಲಿ ನಕ್ಷತ್ರ ಮೀನಿನ ಪಾರದರ್ಶಕ ಮರಿಹುಳುಗಳಿಗೆ ಗುಲಾಬಿ ಮುಳ್ಳು ಚುಚ್ಚಿ ಸೂಕ್ಷ್ಮದರ್ಶಕದಲ್ಲಿ ಗಮನಿಸಿದರು. ಮರುದಿನದ ವೇಳೆಗೆ ಮುಳ್ಳಿನ ಸುತ್ತ ಚಲಿಸುವ ಜೀವಕೋಶಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದುದನ್ನು ನುಂಗಿ ಹಾಕುವ ಈ ಕೋಶಗಳ ಕುರಿತ ಸಂಶೋಧನೆಗಾಗಿ ಅವರು 1908ರಲ್ಲಿ ಪಾಲ್ ಎರ್ಲಿಕ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ದೇಹದೊಳಗೆ ನಡೆಯುವುದೇನು?

ಚರ್ಮದ ಅಡಿಯಲ್ಲೂ ಇತರ ಅಂಗಾಂಶಗಳಲ್ಲೂ ಸದಾ ಪಹರೆ ಇರುವ ಕೋಶಗಳಿವೆ. ರೋಗಾಣು ಒಳನುಗ್ಗಿದಾಗ ಅಥವಾ ಪೆಟ್ಟು ಬಿದ್ದು ಜೀವಕೋಶಗಳು ಒಡೆದಾಗ ಇವು ಹಿಸ್ಟಮಿನ್, ಪ್ರೋಸ್ಟಾಗ್ಲಾಂಡಿನ್ ಮೊದಲಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಆಗ ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗಿ ಹೆಚ್ಚು ರಕ್ತ ಹರಿಯುತ್ತದೆ. ಕೆಂಪು ಮತ್ತು ಬಿಸಿಗೆ ಇದೇ ಕಾರಣ. ರಕ್ತನಾಳದ ಗೋಡೆಗಳು ಸಡಿಲಗೊಂಡು ದ್ರವ ಹೊರಗೆ ಜಿನುಗುತ್ತದೆ. ಊತ ಉಂಟಾಗುವುದು ಹೀಗೆ. ಪ್ರೋಸ್ಟಾಗ್ಲಾಂಡಿನ್‌ಗಳು ನರಗಳ ತುದಿಗಳನ್ನು ಸೂಕ್ಷ್ಮಗೊಳಿಸುವುದರಿಂದ ನೋವು ಹೆಚ್ಚುತ್ತದೆ. ನೋವಿಗೂ ಒಂದು ಉಪಯೋಗವಿದೆ. ಗಾಯಗೊಂಡ ಭಾಗವನ್ನು ಅಲುಗಾಡಿಸದೆ ಇರುವಂತೆ ಅದು ಎಚ್ಚರಿಸುತ್ತದೆ.

ಇದರ ಬೆನ್ನಿಗೇ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಯ ಸಂದುಗಳಿಂದ ನುಸುಳಿ ಸ್ಥಳಕ್ಕೆ ಧಾವಿಸುತ್ತವೆ. ರೋಗಾಣುಗಳನ್ನು ನುಂಗುತ್ತವೆ, ಅವುಗಳ ಮೇಲೆ ತೀಕ್ಷ್ಣ ರಾಸಾಯನಿಕಗಳನ್ನು ಸುರಿಯುತ್ತವೆ, ಬಹುಬೇಗ ತಾವೂ ಸಾಯುತ್ತವೆ. ಹುಣ್ಣಿನಲ್ಲಿ ಕಾಣುವ ಕೀವಿನಲ್ಲಿ ಬಹುಪಾಲು ಹೀಗೆ ಸತ್ತ ರಕ್ತಕಣಗಳೇ ಇರುತ್ತವೆ. ನಂತರ ಬರುವ ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳು ಈ ಅವಶೇಷಗಳನ್ನು ತೆರವುಗೊಳಿಸಿ ದುರಸ್ತಿಗೆ ಚಾಲನೆ ನೀಡುತ್ತವೆ. ಇವೆಲ್ಲದರ ನಡುವೆ ಸಂದೇಶ ಒಯ್ಯುವ ಸೈಟೊಕೈನ್ ಎಂಬ ಪ್ರೋಟೀನುಗಳು ಮೆದುಳನ್ನು ತಲುಪಿ ಜ್ವರ ಬರಿಸುತ್ತವೆ, ಹಸಿವನ್ನು ಕುಂದಿಸುತ್ತವೆ, ಮೈಕೈ ಭಾರವಾಗುವಂತೆ ಮಾಡುತ್ತವೆ. ಜ್ವರ ಬಂದಾಗ ಮಲಗಬೇಕೆನಿಸುವುದು ಸೋಮಾರಿತನವಲ್ಲ, ಶಕ್ತಿಯನ್ನು ಹೋರಾಟಕ್ಕೆ ಮೀಸಲಿಡುವ ದೇಹದ ವ್ಯವಸ್ಥೆ.

ಕೆಲಸ ಮುಗಿದ ಮೇಲೆ ಉರಿಯೂತ ತಾನಾಗಿಯೇ ಆರಿಹೋಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಅದನ್ನು ನಂದಿಸಲು ದೇಹ ಪ್ರತ್ಯೇಕ ರಾಸಾಯನಿಕಗಳನ್ನೇ ತಯಾರಿಸುತ್ತದೆ ಎಂಬುದು ಈಚಿನ ದಶಕಗಳ ಮಹತ್ವದ ಅರಿವು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಸೆರ್ಹಾನ್ ಮತ್ತು ಸಹೋದ್ಯೋಗಿಗಳು 2000ದ ದಶಕದ ಆರಂಭದಲ್ಲಿ ಗುರುತಿಸಿದ 'ರಿಸಾಲ್ವಿನ್'ಗಳು ಇಂಥವು. ಮೀನಿನಲ್ಲಿ ಹೇರಳವಾಗಿರುವ ಒಮೇಗಾ-3 ಕೊಬ್ಬಿನಿಂದ ದೇಹ ಇವನ್ನು ತಯಾರಿಸಿಕೊಳ್ಳುತ್ತದೆ. ಬೆಂಕಿ ಹೊತ್ತಿಸುವುದಷ್ಟೇ ಅಲ್ಲ, ಆರಿಸುವುದೂ ದೇಹದ ಕೆಲಸವೇ ಎಂದಾಯಿತು.

ಆರದ ಬೆಂಕಿ

ಕೆಲವು ದಿನಗಳಲ್ಲಿ ಮುಗಿಯುವುದನ್ನು ತೀವ್ರ ಉರಿಯೂತವೆಂದೂ, ತಿಂಗಳು, ವರ್ಷಗಟ್ಟಲೆ ಮುಂದುವರಿಯುವುದನ್ನು ದೀರ್ಘಕಾಲಿಕ ಉರಿಯೂತವೆಂದೂ ವಿಂಗಡಿಸಲಾಗುತ್ತದೆ. ಎರಡನೆಯದಕ್ಕೆ ಕಾರಣಗಳು ಹಲವು.

ರೋಗಾಣು ದೇಹದಿಂದ ತೊಲಗದೇ ಉಳಿಯುವುದು ಮೊದಲನೆಯದು. ಜಠರದ ಹುಣ್ಣಿಗೆ ಮಾನಸಿಕ ಒತ್ತಡ ಮತ್ತು ಖಾರದ ಊಟವೇ ಕಾರಣವೆಂದು ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದಕ್ಕೆ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ವರ್ಷಾನುಗಟ್ಟಲೆ ಉಳಿಯುವ ಈ ಸೋಂಕು ಜಠರದ ಕ್ಯಾನ್ಸರ್‌ಗೂ ಕಾರಣವಾಗಬಲ್ಲದು. ಹೆಪಟೈಟಿಸ್ 'ಬಿ' ಮತ್ತು 'ಸಿ' ವೈರಾಣುಗಳು ಯಕೃತ್ತಿನಲ್ಲಿ ಬೀಡುಬಿಟ್ಟಾಗಲೂ ಇದೇ ಕತೆ. ಉರಿಯೂತ, ಗಾಯದ ಕಲೆ, ಯಕೃತ್ತಿನ ವೈಫಲ್ಯ, ಕೆಲವರಲ್ಲಿ ಕ್ಯಾನ್ಸರ್.

ದೇಹ ತನ್ನ ಅಂಗಗಳನ್ನೇ ಶತ್ರುವೆಂದು ತಿಳಿಯುವುದು ಎರಡನೆಯ ಕಾರಣ. ರುಮಟಾಯ್ಡ್ ಸಂಧಿವಾತ, ಲೂಪಸ್, ಸೋರಿಯಾಸಿಸ್, ಕರುಳಿನ ಕ್ರೋನ್ಸ್ ಕಾಯಿಲೆ ಈ ಗುಂಪಿಗೆ ಸೇರುತ್ತವೆ. ಬೆಳಿಗ್ಗೆ ಎದ್ದಾಗ ಬೆರಳಿನ ಗಿಣ್ಣುಗಳು ಒಂದು ಗಂಟೆಗೂ ಮೀರಿ ಬಿಗಿದುಕೊಂಡಿದ್ದರೆ, ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡಿದ್ದರೆ ಅದನ್ನು ವಯಸ್ಸಿನ ನೋವೆಂದು ತಳ್ಳಿಹಾಕುವಂತಿಲ್ಲ. ಈ ಕಾಯಿಲೆ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ತಡಮಾಡಿದಷ್ಟೂ ಕೀಲುಗಳು ಮತ್ತೆ ಸರಿಯಾಗದಂತೆ ಸವೆಯುತ್ತವೆ.

ಜೀವನಶೈಲಿ ಮತ್ತು ಪರಿಸರ ಮೂರನೆಯದು. ಧೂಮಪಾನ, ವಾಹನಗಳ ಹೊಗೆ, ಸೌದೆ ಒಲೆಯ ಹೊಗೆ ಶ್ವಾಸಕೋಶದಲ್ಲಿ ನಿರಂತರ ಉರಿಯೂತ ಉಂಟುಮಾಡುತ್ತವೆ. ಹೊಟ್ಟೆಯ ಸುತ್ತ ಶೇಖರವಾಗುವ ಕೊಬ್ಬು ಜಡವಸ್ತುವಲ್ಲ. ಅದು ಟಿಎನ್‌ಎಫ್ ಮುಂತಾದ ಉರಿಯೂತಕಾರಕಗಳನ್ನು ರಕ್ತಕ್ಕೆ ಬಿಡುತ್ತದೆ ಎಂಬುದು 1993ರಲ್ಲಿ ಇಲಿಗಳ ಮೇಲಿನ ಅಧ್ಯಯನದಿಂದ ತಿಳಿದುಬಂತು. ಈ ವಸ್ತುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಿಪಡಿಸುವುದರಿಂದ ಮಧುಮೇಹಕ್ಕೆ ಹಾದಿ ಸುಗಮವಾಗುತ್ತದೆ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂಟಿಮೀಟರ್, ಮಹಿಳೆಯರಿಗೆ 80 ಸೆಂಟಿಮೀಟರ್ ಮೀರಬಾರದು ಎಂದು ವೈದ್ಯರು ಸೂಚಿಸುವುದು ಇದೇ ಕಾರಣಕ್ಕೆ. ಒಸಡಿನ ಉರಿಯೂತ ಮತ್ತು ಮಧುಮೇಹಗಳೂ ಒಂದನ್ನೊಂದು ಉಲ್ಬಣಗೊಳಿಸುತ್ತವೆ. ಹಲ್ಲುಜ್ಜುವಾಗ ರಕ್ತ ಬರುವುದನ್ನು ಮಧುಮೇಹಿಗಳು ಕಡೆಗಣಿಸುವಂತಿಲ್ಲ.

ಹೃದಯಕ್ಕೂ ನಂಟು

ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಳ್ಳುವುದು ಕೊಳಾಯಿಯಲ್ಲಿ ಪಾಚಿ ಕಟ್ಟಿದಂತೆ ಎಂಬ ಹೋಲಿಕೆ ಜನಪ್ರಿಯ. ಅದು ಪೂರ್ಣ ಸತ್ಯವಲ್ಲ. ಕೆಟ್ಟ ಕೊಲೆಸ್ಟರಾಲ್ ರಕ್ತನಾಳದ ಗೋಡೆಯೊಳಗೆ ಸೇರಿಕೊಂಡಾಗ ಅದನ್ನು ನುಂಗಲು ಮ್ಯಾಕ್ರೋಫೇಜ್‌ಗಳು ಬರುತ್ತವೆ, ಕೊಬ್ಬು ತುಂಬಿಕೊಂಡು ಅಲ್ಲೇ ಸಾಯುತ್ತವೆ. ಹೀಗೆ ಬೆಳೆದ ಗಡ್ಡೆಯ ಮೇಲ್ಪದರ ಉರಿಯೂತದಿಂದ ತೆಳುವಾಗಿ ಒಡೆದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ. ನಾಳ ಪೂರ್ತಿ ಕಟ್ಟಿರದವರಿಗೂ ದಿಢೀರ್ ಹೃದಯಾಘಾತವಾಗಬಹುದು ಎಂಬುದಕ್ಕೆ ಇದೇ ವಿವರಣೆ.

ಈ ವಾದದ ನೇರ ಪರೀಕ್ಷೆ ನಡೆದದ್ದು 2017ರಲ್ಲಿ ಪ್ರಕಟವಾದ 'ಕ್ಯಾಂಟೋಸ್' ಅಧ್ಯಯನದಲ್ಲಿ. ಒಮ್ಮೆ ಹೃದಯಾಘಾತವಾಗಿದ್ದ 10,061 ಮಂದಿಯ ಮೇಲೆ ಬಾಸ್ಟನ್‌ನ ಪಾಲ್ ರಿಡ್ಕರ್ ನೇತೃತ್ವದಲ್ಲಿ ಇದು ನಡೆಯಿತು. ಕೊಲೆಸ್ಟರಾಲ್ ತಗ್ಗಿಸದೆ ಕೇವಲ ಉರಿಯೂತ ತಗ್ಗಿಸುವ ಚುಚ್ಚುಮದ್ದನ್ನು ನಿಗದಿತ ಪ್ರಮಾಣದಲ್ಲಿ ಪಡೆದವರಲ್ಲಿ ಮತ್ತೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದ ಸಾವು ಸಂಭವಿಸುವುದು ಸುಮಾರು ಶೇ 15ರಷ್ಟು ಕಡಿಮೆಯಾಯಿತು. ಆದರೆ ಮಾರಕ ಸೋಂಕುಗಳು ತುಸು ಹೆಚ್ಚಿದವು. ಒಟ್ಟು ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವಾಗಲಿಲ್ಲ. ಬೆಂಕಿಯನ್ನು ತಗ್ಗಿಸಿದರೆ ಕಾವಲೂ ತಗ್ಗುತ್ತದೆ ಎಂಬ ಕಟುಸತ್ಯವನ್ನು ಈ ಅಧ್ಯಯನ ಅಂಕಿಅಂಶಗಳಲ್ಲಿ ತೋರಿಸಿಕೊಟ್ಟಿತು.

ಗೌಟ್ ಎಂಬ ಕೀಲುನೋವಿಗೆ ಬಳಸುವ ಹಳೆಯ ಔಷಧ ಕಾಲ್ಚಿಸಿನ್ ಕೂಡ ಇದೇ ಹಾದಿಯಲ್ಲಿದೆ. 2019ರಲ್ಲಿ ಪ್ರಕಟವಾದ ಅಧ್ಯಯನ ಅದರ ಪರವಾಗಿ ಬಂದಿತು. 2023ರಲ್ಲಿ ಅಮೆರಿಕ ಹೃದ್ರೋಗಿಗಳಿಗೆ ಅದರ ಕಿರುಪ್ರಮಾಣದ ಬಳಕೆಗೆ ಅನುಮತಿ ನೀಡಿತು. ಆದರೆ 2024ರಲ್ಲಿ ಹೊರಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. ಮಲೆನಾಡಿನ ಬೇಲಿಗಳಲ್ಲಿ ಮಳೆಗಾಲಕ್ಕೆ ಅರಳುವ ಗೌರಿ ಹೂವಿನ, ಅಂದರೆ ಅಗ್ನಿಶಿಖೆಯ, ಗೆಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ ರಾಸಾಯನಿಕ. ಪ್ರಮಾಣ ಮೀರಿದರೆ ಅದು ಪ್ರಾಣಾಂತಿಕ ವಿಷ. ಗಿಡಮೂಲಿಕೆಯೆಂಬ ಕಾರಣಕ್ಕೆ ಇದನ್ನು ಮನೆಯಲ್ಲಿ ಪ್ರಯೋಗಿಸುವುದು ಸರ್ವಥಾ ಸಲ್ಲದು.

ಮಕ್ಕಳ ಗಂಟಲು ನೋವು: ನಿರ್ಲಕ್ಷ್ಯ ಬೇಡ

ಉರಿಯೂತದ ದಾರಿ ತಪ್ಪುವಿಕೆಗೆ ಭಾರತದಲ್ಲಿ ಇಂದಿಗೂ ಬಲಿಯಾಗುತ್ತಿರುವವರು ಮಕ್ಕಳು. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು ಎರಡು ಮೂರು ವಾರಗಳ ಬಳಿಕ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಕಾಣಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ವಿರುದ್ಧ ತಯಾರಾದ ಪ್ರತಿಕಾಯಗಳು ಹೋಲಿಕೆಯ ಗೊಂದಲದಿಂದ ಹೃದಯದ ಕವಾಟಗಳ ಮೇಲೂ ಎರಗುತ್ತವೆ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಕೀಲಿನಿಂದ ಕೀಲಿಗೆ ಹಾರುವ ನೋವು ಕೆಲವು ವಾರಗಳಲ್ಲಿ ಕಲೆ ಉಳಿಸದೆ ಮಾಯವಾಗುತ್ತದೆ. ಆದರೆ ಹೃದಯದ ಕವಾಟಕ್ಕೆ ಆದ ಹಾನಿ ಉಳಿದುಬಿಡುತ್ತದೆ.

ಸಮಾಧಾನದ ಸಂಗತಿಯೆಂದರೆ ಇದನ್ನು ತಡೆಯುವ ಔಷಧ ಅಗ್ಗದ್ದು. ಗಂಟಲಿನ ಸೋಂಕಿಗೆ ಸಕಾಲದಲ್ಲಿ ಪೆನಿಸಿಲಿನ್ ನೀಡಿದರೆ ರುಮ್ಯಾಟಿಕ್ ಜ್ವರ ಬರದಂತೆ ತಡೆಯಬಹುದು. ಒಮ್ಮೆ ಬಂದವರಿಗೆ ಮೂರು, ನಾಲ್ಕು ವಾರಗಳಿಗೊಮ್ಮೆ ಹಲವು ವರ್ಷ ಪೆನಿಸಿಲಿನ್ ಚುಚ್ಚುಮದ್ದು ನೀಡಲಾಗುತ್ತದೆ. 'ಈಗ ಚೆನ್ನಾಗಿದ್ದಾಳಲ್ಲ' ಎಂದು ಅದನ್ನು ಮಧ್ಯದಲ್ಲೇ ನಿಲ್ಲಿಸಿದರೆ ಜ್ವರ ಮರುಕಳಿಸಿ ಕವಾಟ ಮತ್ತಷ್ಟು ಹಾಳಾಗುವ ಅಪಾಯವಿದೆ.

ರಕ್ತಪರೀಕ್ಷೆ ಏನು ಹೇಳುತ್ತದೆ?

ಪ್ರಯೋಗಾಲಯದ ವರದಿಗಳಲ್ಲಿ ಇಎಸ್‌ಆರ್ ಮತ್ತು ಸಿಆರ್‌ಪಿ ಎಂಬ ಎರಡು ಹೆಸರುಗಳು ಕಾಣಿಸುತ್ತವೆ. ಸಿಆರ್‌ಪಿ ಎಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ 1930ರಲ್ಲಿ ಇದನ್ನು ಪತ್ತೆಹಚ್ಚಿದರು. ಉರಿಯೂತದ ಸಂದೇಶ ತಲುಪಿದೊಡನೆ ಯಕೃತ್ತು ಇದನ್ನು ಹೆಚ್ಚು ಉತ್ಪಾದಿಸುತ್ತದೆ. ಹೃದ್ರೋಗದ ಅಂದಾಜಿಗೆ ಬಳಸುವ ಅತಿಸೂಕ್ಷ್ಮ ಸಿಆರ್‌ಪಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 3ಕ್ಕಿಂತ ಹೆಚ್ಚಿದ್ದರೆ ಅಪಾಯ ಹೆಚ್ಚು ಎಂದು ಲೆಕ್ಕ. 10ನ್ನು ದಾಟಿದರೆ ಸೋಂಕು ಅಥವಾ ಗಾಯದ ಶಂಕೆ ಮೂಡುತ್ತದೆ.

ಆದರೆ ಈ ಪರೀಕ್ಷೆ ಹೊಗೆ ಎದ್ದಿದೆ ಎಂದು ಹೇಳುತ್ತದೆಯೇ ಹೊರತು ಬೆಂಕಿ ಎಲ್ಲಿದೆ ಎಂದು ಹೇಳುವುದಿಲ್ಲ. ನೆಗಡಿಯಾದಾಗಲೂ, ಹಲ್ಲಿನ ಸೋಂಕಿದ್ದಾಗಲೂ ಅದು ಏರಬಹುದು. ವರದಿಯ ಅಂಕಿಯನ್ನು ಮಾತ್ರ ನೋಡಿ ಗಾಬರಿಯಾಗುವುದೂ, ಔಷಧ ನುಂಗುವುದೂ ಸರಿಯಲ್ಲ.

ಮಾತ್ರೆಗಳ ಎರಡು ಮುಖ

ನೋವುನಿವಾರಕಗಳಲ್ಲಿ ಹೆಚ್ಚಿನವು ಉರಿಯೂತ ನಿಗ್ರಹಿಸುವ ಔಷಧಗಳೇ. ಆಸ್ಪಿರಿನ್ ಪ್ರೋಸ್ಟಾಗ್ಲಾಂಡಿನ್ ಉತ್ಪಾದನೆಯನ್ನು ತಡೆಯುತ್ತದೆ ಎಂಬುದನ್ನು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು. ಆ ಕ್ಷೇತ್ರದ ಸಂಶೋಧನೆಗೆ 1982ರಲ್ಲಿ ನೊಬೆಲ್ ದೊರೆಯಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಮೊದಲಾದವುಗಳ ಕೆಲಸವೂ ಇದೇ ಬಗೆಯದು. ಆದರೆ ಜಠರದ ಒಳಪದರವನ್ನು ಕಾಯುವುದು, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದು ಕೂಡ ಪ್ರೋಸ್ಟಾಗ್ಲಾಂಡಿನ್‌ಗಳ ಹೊಣೆ. ಆದ್ದರಿಂದ ಈ ಮಾತ್ರೆಗಳನ್ನು ದಿನನಿತ್ಯ ನುಂಗುವವರಿಗೆ ಜಠರದ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿ, ರಕ್ತದೊತ್ತಡದ ಏರಿಕೆ ಉಂಟಾಗಬಹುದು. ಪ್ಯಾರಾಸಿಟಮಾಲ್ ಜ್ವರ, ನೋವು ಇಳಿಸುತ್ತದಾದರೂ ಉರಿಯೂತವನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಡೆಂಗೆ ಶಂಕೆ ಇರುವಾಗ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ ಎಂಬುದನ್ನು ಮಳೆಗಾಲದಲ್ಲಿ ವಿಶೇಷವಾಗಿ ನೆನಪಿಡಬೇಕು.

ಇದೇ ಡೈಕ್ಲೊಫೆನಾಕ್ ದೇಶದ ರಣಹದ್ದುಗಳನ್ನು ಅಳಿವಿನಂಚಿಗೆ ತಳ್ಳಿದ್ದು ದುರಂತ. ಔಷಧ ಪಡೆದಿದ್ದ ಜಾನುವಾರುಗಳ ಕಳೇಬರ ತಿಂದ ಹದ್ದುಗಳು ಮೂತ್ರಪಿಂಡ ವಿಫಲವಾಗಿ ಸತ್ತವು. ಮೂರು ಪ್ರಭೇದಗಳ ಸಂಖ್ಯೆ ಶೇ 90ಕ್ಕಿಂತ ಹೆಚ್ಚು ಕುಸಿಯಿತು. ಜಾನುವಾರುಗಳಿಗೆ ಇದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು.

ಸ್ಟಿರಾಯ್ಡ್‌ಗಳು ಇನ್ನೂ ಪ್ರಬಲ. ಅಮೆರಿಕದ ಫಿಲಿಪ್ ಹೆಂಚ್ 1948ರಲ್ಲಿ ಸಂಧಿವಾತದಿಂದ ಏಳಲಾಗದ ಮಹಿಳೆಗೆ ಕಾರ್ಟಿಸೋನ್ ನೀಡಿದಾಗ ಆಕೆ ಕೆಲವೇ ದಿನಗಳಲ್ಲಿ ನಡೆದಾಡಿದರು. 1950ರಲ್ಲಿ ನೊಬೆಲ್ ಬಂತು. ಅದರ ಬೆನ್ನಿಗೇ ಅಡ್ಡಪರಿಣಾಮಗಳೂ ಬೆಳಕಿಗೆ ಬಂದವು. ಕೋವಿಡ್ ಕಾಲದಲ್ಲಿ ಇದರ ಎರಡೂ ಮುಖಗಳು ಕಂಡವು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನ 2020ರ ಜೂನ್‌ನಲ್ಲಿ ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ವೆಂಟಿಲೇಟರ್ ಅವಲಂಬಿಸಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸುತ್ತದೆ ಎಂದು ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಪ್ರಯೋಜನವಿರಲಿಲ್ಲ. ಆದರೆ 2021ರ ಎರಡನೇ ಅಲೆಯಲ್ಲಿ ಅನಗತ್ಯವಾಗಿಯೂ, ಅತಿಯಾಗಿಯೂ ಸ್ಟಿರಾಯ್ಡ್ ಬಳಕೆಯಾಯಿತು. ನಿಯಂತ್ರಣದಲ್ಲಿಲ್ಲದ ಮಧುಮೇಹದೊಂದಿಗೆ ಇದು ಸೇರಿ ಕರ್ನಾಟಕವೂ ಸೇರಿದಂತೆ ದೇಶದಾದ್ಯಂತ ಕಪ್ಪು ಶಿಲೀಂಧ್ರ ರೋಗ ಹಲವರ ಕಣ್ಣು ಮತ್ತು ಪ್ರಾಣವನ್ನು ಕಸಿಯಿತು.

ಸಂಧಿವಾತಕ್ಕೆ ನೀಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಟಿಎನ್‌ಎಫ್ ತಡೆಯುವ ಆಧುನಿಕ ಚುಚ್ಚುಮದ್ದುಗಳು ದೇಹದಲ್ಲಿ ಸುಪ್ತವಾಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಆದ್ದರಿಂದ ಕ್ಷಯದ ಪರೀಕ್ಷೆ ಮಾಡಿಸಿದ ಬಳಿಕವೇ ಅವನ್ನು ನೀಡಲಾಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ಅರಿಶಿನದ ಕರ್ಕ್ಯುಮಿನ್‌ಗೆ ಪ್ರಯೋಗಾಲಯದಲ್ಲಿ ಉರಿಯೂತ ತಗ್ಗಿಸುವ ಗುಣ ಕಂಡುಬಂದಿದೆ. ಆದರೆ ಅದು ಕರುಳಿನಿಂದ ರಕ್ತಕ್ಕೆ ಸೇರುವ ಪ್ರಮಾಣ ತೀರಾ ಕಡಿಮೆ. ಅಡುಗೆಯ ಅರಿಶಿನ ಒಳ್ಳೆಯದೇ, ಅದು ಔಷಧಕ್ಕೆ ಬದಲಿಯಲ್ಲ. ಹೆಚ್ಚು ಭರವಸೆಯ ದಾರಿಗಳು ಹಳೆಯವೇ: ತಂಬಾಕು ಬಿಡುವುದು, ದಿನವೂ ನಡಿಗೆ, ಸಾಕಷ್ಟು ನಿದ್ರೆ, ಸೊಂಟದ ಸುತ್ತಳತೆಯ ಮೇಲೆ ನಿಗಾ, ಸೊಪ್ಪು, ಕಾಳು, ಹಣ್ಣು, ಮೀನು ಹೆಚ್ಚಿರುವ ಊಟ, ಕರಿದ ತಿಂಡಿ ಮತ್ತು ಸಿಹಿ ಪಾನೀಯಗಳಿಗೆ ಕಡಿವಾಣ, ಒಸಡಿನ ಆರೈಕೆ.

ಈ ಕೆಳಗಿನ ಲಕ್ಷಣಗಳಿದ್ದಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು:

* ಊತ ಅಥವಾ ಕೆಂಪು ದಿನೇ ದಿನೇ ಹರಡುತ್ತಿದ್ದು ಜೊತೆಗೆ ಜ್ವರ, ನಡುಕ ಇದ್ದರೆ
* ಹೊಕ್ಕುಳ ಬಳಿ ಆರಂಭವಾದ ನೋವು ಹೊಟ್ಟೆಯ ಬಲಭಾಗದ ಕೆಳಕ್ಕೆ ಸರಿದು ಹೆಚ್ಚುತ್ತಿದ್ದರೆ
* ಕೀಲುಗಳ ಊತ, ಬೆಳಗಿನ ಬಿಗಿತ ಆರು ವಾರ ಕಳೆದರೂ ಉಳಿದಿದ್ದರೆ
* ಮಕ್ಕಳಲ್ಲಿ ಗಂಟಲು ನೋವಿನ ನಂತರ ಕೀಲುನೋವು, ಉಸಿರಾಟದ ತೊಂದರೆ ಕಂಡರೆ
* ಕಾರಣ ತಿಳಿಯದೆ ತೂಕ ಇಳಿಯುತ್ತಿದ್ದರೆ, ಸಣ್ಣ ಜ್ವರ ವಾರಗಟ್ಟಲೆ ಬಿಡದಿದ್ದರೆ
* ನೋವಿನ ಮಾತ್ರೆ ನುಂಗುತ್ತಿರುವವರಲ್ಲಿ ಮಲ ಕಪ್ಪಾದರೆ, ಮೂತ್ರ ಕಡಿಮೆಯಾದರೆ

ದೀರ್ಘಕಾಲ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ಹಠಾತ್ತನೆ ನಿಲ್ಲಿಸಬಾರದು. ದೇಹ ತನ್ನದೇ ಕಾರ್ಟಿಸಾಲ್ ತಯಾರಿಸುವುದನ್ನು ಮರೆತಿರುವುದರಿಂದ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು. ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆ ನೋವನ್ನು ಅಡಗಿಸಬಹುದು, ಆದರೆ ನೋವಿನ ಹಿಂದಿರುವ ಕಾರಣ ಒಳಗೊಳಗೇ ಮುಂದುವರಿಯುತ್ತದೆ. ಒಂದು ವಾರಕ್ಕಿಂತ ಹೆಚ್ಚು ಕಾಲ ಮಾತ್ರೆಯ ಅಗತ್ಯ ಬಿದ್ದರೆ ಮುಂದಿನ ಮಾತ್ರೆಗೆ ಮೊದಲು ವೈದ್ಯರ ಭೇಟಿಯಾಗಲಿ.